ವಿಸ್ಕಿಗೆ ಬೆರೆಸೋಕೆ ಯಾವ ನೀರು ಸರಿ?

ಪ್ರಶ್ನೆ: 58 ಪರ್ಸೆಂಟ್ ಆಲ್ಕೋಹಾಲ್ ಇರುವ ಕ್ಯಾಸ್ಕ್ ಸ್ಟ್ರೆಂತ್ (ಅಂದರೆ ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬಿದ) ಸಿಂಗಲ್ ಮಾಲ್ಟ್ ವಿಸ್ಕಿ ಒಂದು ಬಾಟಲಿ ಉಡುಗೊರೆಯಾಗಿ ಬಂದಿದೆ. ಹಾಗೇ ಕುಡಿದರೆ ಗಂಟಲು ಉರಿಯುತ್ತದೆ. ನೀರು ಬೆರೆಸೋಣ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ ಅಂತ ಒಬ್ಬರು, ಸ್ಕಾಟ್ಲೆಂಡಿನ ಚಿಲುಮೆ ನೀರೇ ಬೇಕು ಅಂತ ಇನ್ನೊಬ್ಬರು, ಎರಡು ಹನಿ ಮೀರಬೇಡಿ ಅಂತ ಮತ್ತೊಬ್ಬರು. ಮನೆಯಲ್ಲಿ ಆರ್‌ಒ ನೀರಿದೆ, ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಅಳೆಯುವ ಪೆನ್ ಇಟ್ಟರೆ 35 ತೋರಿಸುತ್ತದೆ. ನಲ್ಲಿ ನೀರು 400ರ ಹತ್ತಿರ. ಯಾವುದು ಹಾಕಲಿ? ಎಷ್ಟು ಹಾಕಲಿ? ಮೊನ್ನೆ ನೀರು ಬೆರೆಸಿದ ಮೇಲೆ ವಿಸ್ಕಿ ಮಸುಕಾಯಿತು. ಬಾಟಲಿ ಕೆಟ್ಟಿದೆಯಾ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಬಾಟಲಿ ಕೆಟ್ಟಿಲ್ಲ. ಮಸುಕು ಯಾಕೆ ಬಂತು ಅಂತ ಮುಂದೆ ಹೇಳುತ್ತೇನೆ. ಯಾವ ನೀರು ಅನ್ನೋದಕ್ಕೂ ಉತ್ತರ ನಿಮ್ಮ ಮನೆಯಲ್ಲೇ ಇದೆ. ಆ 35 ಟಿಡಿಎಸ್‌ನ ಆರ್‌ಒ ನೀರು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಅದರಲ್ಲಿ ಯಾವ ವಾಸನೆಯೂ ಇಲ್ಲದಿದ್ದರೆ. ಈ ಕೊನೆಯ ಷರತ್ತೇ ಮುಖ್ಯ. ನೀರಿನಲ್ಲಿ ಏನಿರಬೇಕು ಅಂತ ಎಲ್ಲರೂ ಹುಡುಕುತ್ತಾರೆ. ನಾನು ಮೊದಲು ನೋಡುವುದು ಅದರಲ್ಲಿ ಏನು ಇರಬಾರದು ಅಂತ.

ಇರಬಾರದ ಮೊದಲನೇ ವಸ್ತು ಕ್ಲೋರಿನ್. ವಿಸ್ಕಿಯ ರುಚಿ ಅಂತ ನಾವು ಹೇಳುವುದರಲ್ಲಿ ಬಹುಪಾಲು ಮೂಗಿನ ಕೆಲಸ. ಲೋಟದ ಮೇಲೆ ಮೂಗು ಇಟ್ಟಾಗ ಹಣ್ಣು, ಜೇನು, ಹೊಗೆ, ಓಕ್ ಮರದ ವೆನಿಲಾ ಇವೆಲ್ಲ ತೀರಾ ಸಣ್ಣ ಪ್ರಮಾಣದಲ್ಲಿ ಮೇಲೆ ಬರುತ್ತವೆ. ಅಲ್ಲಿಗೆ ಈಜುಕೊಳದ ವಾಸನೆ ಬಂದು ಕೂತರೆ ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ನೀರನ್ನು ಬರಿದೇ ಕುಡಿಯುವಾಗ ನಿಮಗೆ ಅದು ಗೊತ್ತೇ ಆಗದಿರಬಹುದು, ದಿನವೂ ಕುಡಿದು ಅಭ್ಯಾಸ ಆಗಿರುತ್ತದೆ. ಹಾಗಾಗಿ ಒಂದು ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಲೋಟಕ್ಕೆ ಅರ್ಧದಷ್ಟು ನೀರು ಹಾಕಿ, ಅಂಗೈಯಿಂದ ಮುಚ್ಚಿ, ಜೋರಾಗಿ ಕುಲುಕಿ. ಕೈ ತೆಗೆದ ತಕ್ಷಣ ಮೂಸಿ. ಕೈಗೆ ಸೋಪಿನ ವಾಸನೆ ಇರಬಾರದು, ಇಲ್ಲದಿದ್ದರೆ ಅದನ್ನೇ ಮೂಸಿದ ಹಾಗಾಗುತ್ತದೆ. ನೀರು ಉಗುರು ಬೆಚ್ಚಗಿದ್ದರೆ ವಾಸನೆ ಇನ್ನೂ ಬೇಗ ಸಿಗುತ್ತದೆ.

ನಲ್ಲಿ ನೀರಲ್ಲಿ ಕ್ಲೋರಿನ್ ಸಿಕ್ಕಿತು ಅಂದುಕೊಳ್ಳಿ. ಬಾಯಿ ತೆರೆದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೆ ಅಥವಾ ಕುದಿಸಿ ಆರಿಸಿದರೆ ಬಹುಪಾಲು ಹೋಗುತ್ತದೆ. ಆದರೆ ಕೆಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಬಳಸುತ್ತಾರೆ. ಅದು ಅಷ್ಟು ಸುಲಭಕ್ಕೆ ಹಾರಿ ಹೋಗುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಬೇಕು. ಬಿಯರ್ ಮಾಡುವವರು ಇದರ ಬಗ್ಗೆ ತುಂಬಾ ಹುಷಾರಾಗಿರುತ್ತಾರೆ. ಕ್ಲೋರಿನ್ ಮತ್ತು ಫಿನಾಲ್ ಸೇರಿದರೆ ಕ್ಲೋರೋಫಿನಾಲ್ ಆಗುತ್ತದೆ. ಅದರ ಔಷಧಿ ವಾಸನೆ ಅತ್ಯಲ್ಪ ಇದ್ದರೂ ಮೂಗಿಗೆ ಹೊಡೆಯುತ್ತದೆ. ಪೀಟ್ (ಜೌಗು ನೆಲದ ಸಸ್ಯ ಕೊಳೆತು ಆದ ಮಣ್ಣು) ಸುಟ್ಟ ಹೊಗೆ ಹಾಕಿದ ವಿಸ್ಕಿಗಳಿಗೆ ಆ ಹೊಗೆಯ ಗುಣ ಬರುವುದೇ ಫಿನಾಲ್‌ಗಳಿಂದ. ಅಂಥ ವಿಸ್ಕಿಗೆ ಕ್ಲೋರಿನ್ ನೀರು ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಬಾಟಲಿ ನೀರಿಗೂ ಇದೇ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಬಾಟಲಿಯಿಂದ ಅಸಿಟಾಲ್ಡಿಹೈಡ್ ಅನ್ನುವ ವಸ್ತು ಸ್ವಲ್ಪ ಸ್ವಲ್ಪವೇ ನೀರಿಗೆ ಇಳಿಯುತ್ತದೆ. ಬಿಸಿಲಲ್ಲಿ, ಸೆಕೆಯಲ್ಲಿ ಬಹಳ ದಿನ ಇಟ್ಟ ಬಾಟಲಿಯಲ್ಲಿ ಅದು ಜಾಸ್ತಿ. ಸುಮ್ನೆ ಕುಡಿದಾಗ ಒಂಥರಾ ಸಿಹಿ ಸಿಹಿ ಪ್ಲಾಸ್ಟಿಕ್ ರುಚಿ ಅನಿಸುತ್ತದಲ್ವಾ, ಅದೇ. ಹೊಸ ಬಾಟಲಿ ಆರಿಸಿ, ತಂಪು ಜಾಗದಲ್ಲಿ ಇಡಿ. ಗಾಜಿನ ಬಾಟಲಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಟಿಡಿಎಸ್ ಪೆನ್ನಿನ ವಿಷಯ. ಅದು ಅಳೆಯುವುದು ನೀರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಅದರಿಂದ ಲವಣಗಳ ಪ್ರಮಾಣವನ್ನು ಅಂದಾಜು ಮಾಡಿ ಒಂದು ಅಂಕೆ ತೋರಿಸುತ್ತದೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಕ್ಲೋರಿನ್ ವಾಸನೆ, ಪ್ಲಾಸ್ಟಿಕ್ ವಾಸನೆ, ಹಳೇ ಫಿಲ್ಟರಿನ ಮುಗ್ಗಲು ವಾಸನೆ ಇವು ಯಾವುದನ್ನೂ ಅದು ಹಿಡಿಯುವುದಿಲ್ಲ. ಟಿಡಿಎಸ್ 35 ಇದ್ದೂ ನೀರು ವಿಸ್ಕಿಗೆ ಆಗದಿರಬಹುದು. ನಿಮ್ಮ ಆರ್‌ಒ ಯಂತ್ರದ ಫಿಲ್ಟರ್ ಬದಲಿಸುವ ಅವಧಿ ಮುಗಿದಿದ್ದರೆ ಮೊದಲು ಅದನ್ನು ಬದಲಿಸಿ. ಇನ್ನೊಂದು ಮಾತು. ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರು ಬೇಡ. ಸಾಫ್ಟ್‌ನರ್ ಲವಣವನ್ನು ತೆಗೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪಿಗೆ ಅದು ಮೆದು ನೀರು, ಟಿಡಿಎಸ್ ಮಾತ್ರ ಸುಮಾರು ಹಾಗೇ ಇರುತ್ತದೆ.

ಇನ್ನು ಖನಿಜಗಳು. ಗಡಸು ನೀರು ವಿಸ್ಕಿಯನ್ನು ಹಾಳು ಮಾಡುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ನೀವು ಎಷ್ಟು ನೀರು ಹಾಕುತ್ತೀರಿ ಅನ್ನುವುದರ ಮೇಲಿದೆ. ಲೆಕ್ಕ ಮಾಡಿ ನೋಡೋಣ. 350 ಟಿಡಿಎಸ್ ಅಂದರೆ ಲೀಟರಿಗೆ 350 ಮಿಲಿಗ್ರಾಂ ಲವಣ. 30 ಎಂಎಲ್ ವಿಸ್ಕಿಗೆ ಅಂಥ ನೀರು ಒಂದು ಟೀ ಚಮಚ, ಅಂದರೆ 5 ಎಂಎಲ್ ಹಾಕಿದಿರಿ. ಬೆರೆತ ಮೇಲೆ ಲೋಟದಲ್ಲಿ ಲವಣ ಲೀಟರಿಗೆ 50 ಮಿಲಿಗ್ರಾಂ ಲೆಕ್ಕಕ್ಕೆ ಇಳಿಯುತ್ತದೆ. ನಾಲಿಗೆಗೆ ಇದು ಸಿಗುವುದು ಕಷ್ಟ. ಅದೇ ನೀರನ್ನು ಸಮಸಮ ಹಾಕಿದರೆ 175. ಮೂರು ಪಟ್ಟು ಹಾಕಿದರೆ 260 ದಾಟುತ್ತದೆ. ಆಗ ನೀರಿನ ರುಚಿ ನಿಮಗೆ ಖಂಡಿತ ಗೊತ್ತಾಗುತ್ತದೆ. ಚಮಚದ ಲೆಕ್ಕದಲ್ಲಿ ಹಾಕುವವರು ಖನಿಜದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ವಾಸನೆ ನೋಡಿದರೆ ಸಾಕು. ಲೋಟ ತುಂಬ ನೀರು ಹಾಕಿ ಕುಡಿಯುವವರಿಗೆ ನೀರಿನ ಆಯ್ಕೆ ನಿಜವಾಗಿಯೂ ಮುಖ್ಯ. ವಿಚಿತ್ರ ಅಂದರೆ ಯೋಚನೆ ಮಾಡುವವರೆಲ್ಲ ಮೊದಲನೇ ಗುಂಪಿನವರು.

ನೀರು ಜಾಸ್ತಿಯಾದಾಗ ಖನಿಜ ಏನು ಮಾಡುತ್ತದೆ? ಸೋಡಿಯಂ ಉಪ್ಪುಪ್ಪು ಮಾಡುತ್ತದೆ. ಮೆಗ್ನೀಸಿಯಂ, ಸಲ್ಫೇಟ್ ಜಾಸ್ತಿ ಇದ್ದರೆ ಕಹಿ ಬರುತ್ತದೆ. ಬೈಕಾರ್ಬನೇಟ್ ಕಥೆ ಸ್ವಲ್ಪ ಬೇರೆ. ವಿಸ್ಕಿ ಹುಳಿ ಗುಣದ ಪಾನೀಯ, ಅದರ ಪಿಎಚ್ 4ರ ಆಸುಪಾಸು. ಆ ಸಣ್ಣ ಹುಳಿಯಿಂದಲೇ ಹಣ್ಣಿನ ರುಚಿ ಚುರುಕಾಗಿ ಅನಿಸುವುದು. ಬೈಕಾರ್ಬನೇಟ್ ಹುಳಿಯನ್ನು ಕೊಲ್ಲುತ್ತದೆ. ಹಾಗಾಗಿ ಅದು ಹೇರಳವಾಗಿರುವ ಮಿನರಲ್ ವಾಟರ್ ಸುರಿದರೆ ವಿಸ್ಕಿ ಚಪ್ಪೆಯಾಗುತ್ತದೆ, ಸುಣ್ಣದ ಹಾಗೆ ಅನಿಸುತ್ತದೆ. ಬಾಟಲಿಯ ಲೇಬಲ್ ನೋಡಿ. ಒಟ್ಟು ಲವಣ 150ರ ಕೆಳಗಿದ್ದರೆ ನನಗೆ ಒಪ್ಪಿಗೆ. ಫ್ರಾನ್ಸಿನ ವೋಲ್ವಿಕ್ ನೀರು 130ರ ಹತ್ತಿರ ಇರುತ್ತದೆ, ವಿಸ್ಕಿ ರುಚಿ ನೋಡುವ ಎಷ್ಟೋ ಮಂದಿ ಅದನ್ನು ಇಷ್ಟಪಡುವುದು ಇದಕ್ಕೇ. ಅದೇ ದೇಶದ ಎವಿಯಾನ್‌ನಲ್ಲಿ ಬೈಕಾರ್ಬನೇಟ್ ಒಂದೇ ಲೀಟರಿಗೆ 360 ಮಿಲಿಗ್ರಾಂ. ಕುಡಿಯಲು ಒಳ್ಳೆಯ ನೀರೇ, ವಿಸ್ಕಿಗೆ ಸಮಸಮ ಬೆರೆಸಲು ನಾನು ಹೇಳುವುದಿಲ್ಲ.

ಕಬ್ಬಿಣದ ಅಂಶ ಇರುವ ನೀರನ್ನು ಮಾತ್ರ ಒಂದು ಚಮಚವೂ ಹಾಕಬೇಡಿ. ಪೀಪಾಯಿಯ ಓಕ್ ಮರದಿಂದ ವಿಸ್ಕಿಗೆ ಟ್ಯಾನಿನ್ ಇಳಿದಿರುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದು ಇದೇ ವಿದ್ಯೆಯಿಂದ. ಬೋರ್‌ವೆಲ್ ನೀರು ಪಾತ್ರೆಯಲ್ಲಿ ಕಂದು ಕಲೆ ಬಿಡುತ್ತಿದ್ದರೆ ಅದನ್ನು ಹಾಗೇ ಬಳಸಬೇಡಿ. ಅಮೆರಿಕದ ಕೆಂಟಕಿಯ ಬೂರ್ಬನ್ ತಯಾರಕರು ತಮ್ಮ ಸುಣ್ಣಕಲ್ಲಿನ ನೀರನ್ನು ಅಷ್ಟು ಹೊಗಳಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ ಅದರಲ್ಲಿ ಕಬ್ಬಿಣ ಇಲ್ಲದಿರುವುದು.

ಸ್ಕಾಟ್ಲೆಂಡಿನ ಚಿಲುಮೆ ನೀರಿನ ಮಾತಿಗೆ ಬರೋಣ. ವಿಸ್ಕಿ ಎಲ್ಲಿ ಹುಟ್ಟಿತೋ ಅಲ್ಲಿನ ನೀರೇ ಅದಕ್ಕೆ ಹೊಂದುತ್ತದೆ ಅನ್ನುವುದು ಕೇಳಲು ಚೆಂದ. ಸಣ್ಣ ಸಣ್ಣ ಬಾಟಲಿಗಳಲ್ಲಿ ಐಲಾ, ಸ್ಪೇಸೈಡ್, ಹೈಲ್ಯಾಂಡ್ ಅಂತ ಅಲ್ಲಿನ ವಿಸ್ಕಿ ಪ್ರದೇಶಗಳ ಹೆಸರು ಹಾಕಿ ಮಾರಿದ್ದೂ ಇದೆ. ಆದರೆ ವಿಸ್ಕಿ ಆಗುವ ದಾರಿ ನೋಡಿ. ಚಿಲುಮೆ ನೀರು ಹೋಗುವುದು ಬಾರ್ಲಿ ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸಿ ಸಕ್ಕರೆ ಅಂಶ ತೆಗೆಯುವ ಹಂತಕ್ಕೆ. ಆಮೇಲೆ ಹುದುಗುತ್ತದೆ. ಆಮೇಲೆ ತಾಮ್ರದ ಹಂಡೆಯಲ್ಲಿ ಕಾಯಿಸಿ ಆವಿ ಇಳಿಸುತ್ತಾರೆ, ಸಾಮಾನ್ಯವಾಗಿ ಎರಡು ಸಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಆವಿಯಾಗುವುದಿಲ್ಲ. ಅವು ಹಂಡೆಯ ತಳದಲ್ಲೇ ಉಳಿಯುತ್ತವೆ. ಚಿಲುಮೆಯ ಖನಿಜ ಹುದುಗುವಾಗ ಯೀಸ್ಟಿನ ಮೇಲೆ ಪರಿಣಾಮ ಬೀರಬಹುದು. ಖನಿಜವೇ ಆ ದಾರಿಯಲ್ಲಿ ನಿಮ್ಮ ಲೋಟಕ್ಕೆ ಬರುವುದಿಲ್ಲ.

ಇನ್ನೂ ಇದೆ. ಹಂಡೆಯಿಂದ ಬಂದ ಹೊಸ ಸ್ಪಿರಿಟ್ಟಿಗೆ ನೀರು ಬೆರೆಸಿ, ಸಾಮಾನ್ಯವಾಗಿ 63.5 ಪರ್ಸೆಂಟಿಗೆ ಇಳಿಸಿ ಪೀಪಾಯಿಗೆ ತುಂಬುತ್ತಾರೆ. ವರ್ಷಗಳ ನಂತರ ಬಾಟಲಿಗೆ ಹಾಕುವ ಮೊದಲು ಮತ್ತೆ ನೀರು ಬೆರೆಸಿ 40, 43, 46ಕ್ಕೆ ಇಳಿಸುತ್ತಾರೆ. 40ಕ್ಕಿಂತ ಕೆಳಗೆ ಇಳಿದರೆ ಕಾನೂನಿನ ಪ್ರಕಾರ ಅದು ಸ್ಕಾಚ್ ಅಲ್ಲ. ಬಾಟಲಿಂಗ್ ಮುಂಚೆ ಹಾಕುವ ಈ ನೀರು ಹೆಚ್ಚಿನ ಕಡೆ ಖನಿಜ ತೆಗೆದ ನೀರು. ಬ್ಯಾಚಿನಿಂದ ಬ್ಯಾಚಿಗೆ ರುಚಿ ಬದಲಾಗಬಾರದು, ಬಾಟಲಿ ತಳದಲ್ಲಿ ಕ್ಯಾಲ್ಸಿಯಂ ಪುಡಿ ಕೂರಬಾರದು ಅಂತ ಹಾಗೆ ಮಾಡುತ್ತಾರೆ. ಗ್ಲೆನ್‌ಮೊರೆಂಜಿ ತನ್ನ ಟಾರ್ಲೋಗಿ ಚಿಲುಮೆಯ ಗಡಸು ನೀರಿಗೆ ಹೆಸರುವಾಸಿ. ಸ್ಕಾಟ್ಲೆಂಡಿನ ಬಹುತೇಕ ಡಿಸ್ಟಿಲರಿಗಳದ್ದು ಮೆದು ನೀರು. ಎರಡೂ ಕಡೆ ಒಳ್ಳೆಯ ವಿಸ್ಕಿ ಆಗುತ್ತದೆ. ತಯಾರಕರೇ ಕೊನೆಯ ಹಂತದಲ್ಲಿ ಖನಿಜವಿಲ್ಲದ ನೀರು ಹಾಕುವಾಗ, ನಿಮ್ಮ ಆರ್‌ಒ ನೀರು ಅದೇ ಕೆಲಸವನ್ನು ಇನ್ನೊಂದು ಹೆಜ್ಜೆ ಮುಂದುವರಿಸುತ್ತದೆ, ಅಷ್ಟೇ. ಅಷ್ಟು ದೂರದಿಂದ ನೀರು ತರಿಸುವ ದುಡ್ಡನ್ನು ಇನ್ನೊಂದು ಒಳ್ಳೆಯ ಬಾಟಲಿಗೆ ಎತ್ತಿಡಿ.

ಡಿಸ್ಟಿಲ್ಡ್ ವಾಟರ್ ಹಾಕಬಹುದು. ಕುಡಿಯಲು ಅಂತಲೇ ಮಾರುವುದಾದರೆ ಮಾತ್ರ. ಬ್ಯಾಟರಿಗೆ ಹಾಕುವ ನೀರನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರ ಡಬ್ಬ, ಅದನ್ನು ತುಂಬುವ ಪೈಪು ಯಾವುದೂ ಆಹಾರದ ಮಟ್ಟದ್ದಲ್ಲ. ಇಲ್ಲಿ ರುಚಿಯ ಮಾತೇ ಬರುವುದಿಲ್ಲ, ಇದು ಆರೋಗ್ಯದ ಪ್ರಶ್ನೆ.

ಈಗ ಪ್ರಮಾಣ. ನನ್ನ ಪ್ರಕಾರ ಯಾವ ನೀರು ಅನ್ನುವುದಕ್ಕಿಂತ ಎಷ್ಟು ನೀರು ಅನ್ನುವುದೇ ನಿಮ್ಮ ಲೋಟವನ್ನು ಹೆಚ್ಚು ಬದಲಿಸುತ್ತದೆ. ‘ಎರಡು ಹನಿ’ ಸಲಹೆಯನ್ನೇ ತೆಗೆದುಕೊಳ್ಳಿ. ಸುಮಾರು 20 ಹನಿ ಸೇರಿದರೆ 1 ಎಂಎಲ್. ಎರಡು ಹನಿ ಅಂದರೆ 0.1 ಎಂಎಲ್. 30 ಎಂಎಲ್‌ನ 58 ಪರ್ಸೆಂಟ್ ವಿಸ್ಕಿಗೆ ಅದನ್ನು ಹಾಕಿದರೆ 57.8 ಆಗುತ್ತದೆ. ಹತ್ತು ಹನಿ ಹಾಕಿದರೂ 57. ಗಂಟಲಿನ ಉರಿ ಇದರಿಂದ ಹೋಗುತ್ತದಾ? ಇಲ್ಲ. ಹನಿ ಹಾಕಿ ಕಲಕಿದ ಕೂಡಲೇ ಪರಿಮಳ ಏಳುವುದು ಹೌದು, ಆದರೆ ಅದರಲ್ಲಿ ಕಲಕಿದ್ದರ ಪಾಲೂ ಇದೆ. ನಿಮ್ಮಂಥ ಬಾಟಲಿಗೆ ಚಮಚವೇ ಬೇಕು.

ಲೆಕ್ಕ ಸುಲಭ. ಈಗಿನ ಪರ್ಸೆಂಟನ್ನು ಬೇಕಾದ ಪರ್ಸೆಂಟಿನಿಂದ ಭಾಗಿಸಿ, ಒಂದು ಕಳೆಯಿರಿ, ಬಂದದ್ದನ್ನು ವಿಸ್ಕಿಯ ಎಂಎಲ್‌ನಿಂದ ಗುಣಿಸಿ. ಅಷ್ಟು ನೀರು. 58ರಿಂದ 50ಕ್ಕೆ ಇಳಿಸಲು 30 ಎಂಎಲ್‌ಗೆ ಒಂದು ಟೀ ಚಮಚದಷ್ಟು. 46ಕ್ಕೆ ಇಳಿಸಲು ಒಂದೂವರೆ ಚಮಚ. ಎರಡು ಚಮಚ ಹಾಕಿದರೆ 43ರ ಮೇಲೆ ನಿಲ್ಲುತ್ತದೆ. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಅಳತೆ ಒಂದಿಷ್ಟು ಕುಗ್ಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಲೋಟದ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ.

ಎಲ್ಲಿ ನಿಲ್ಲಿಸಬೇಕು? ಇದರ ಬಗ್ಗೆ ಒಳ್ಳೆಯ ಸಂಶೋಧನೆಗಳಿವೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೀರು, ಆಲ್ಕೋಹಾಲ್ ಮತ್ತು ಗ್ವಾಯಕಾಲ್ ಈ ಮೂರರ ಅಣುಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ಕಂಪ್ಯೂಟರಿನಲ್ಲಿ ನೋಡಿದರು. ಗ್ವಾಯಕಾಲ್ ಅಂದರೆ ವಿಸ್ಕಿಗೆ ಹೊಗೆಯ ಪರಿಮಳ ಕೊಡುವ ಒಂದು ಅಣು. ಆಲ್ಕೋಹಾಲ್ 45 ಪರ್ಸೆಂಟಿನವರೆಗೆ ಇದ್ದಾಗ ಅದು ದ್ರವದ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ. 59 ದಾಟಿದರೆ ಆಲ್ಕೋಹಾಲ್ ಅಣುಗಳು ಅದನ್ನು ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತವೆ. ಮೇಲಿದ್ದರೆ ಮೂಗಿಗೆ ಸಿಗುತ್ತದೆ, ಒಳಗಿದ್ದರೆ ಸಿಗುವುದು ಕಷ್ಟ. ಇದು ಒಂದೇ ಅಣುವಿನ ಕಥೆ, ಅದೂ ಕಂಪ್ಯೂಟರಿನ ಲೆಕ್ಕ. ವಿಸ್ಕಿಯಲ್ಲಿ ನೂರಾರು ಪರಿಮಳದ ಅಣುಗಳಿವೆ, ಎಲ್ಲವೂ ಹೀಗೇ ಅಂತ ಹೇಳಲಾಗದು. ಆದರೂ ನೀರು ಹಾಕಿದರೆ ಪರಿಮಳ ‘ತೆರೆದುಕೊಳ್ಳುತ್ತದೆ’ ಅಂತ ವಿಸ್ಕಿ ಬಲ್ಲವರು ಹೇಳುತ್ತಾ ಬಂದದ್ದಕ್ಕೆ ಇದೊಂದು ಗಟ್ಟಿ ಕಾರಣ.

ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮೂಗನ್ನೂ ಬಳಸಿದರು. 25 ವಿಸ್ಕಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಪರಿಮಳದ ವಸ್ತುಗಳನ್ನು ಅಳೆದರು, ಅವುಗಳಲ್ಲಿ ಆರನ್ನು ತರಬೇತಿ ಪಡೆದವರಿಂದ ಮೂಸಿ ನೋಡಿಸಿದರು. ಒಟ್ಟು ಮಿಶ್ರಣದಲ್ಲಿ ಹಾಕಿದ ನೀರು 20 ಪರ್ಸೆಂಟ್ ದಾಟಿದ ಮೇಲೆ ಒಂದೇ ಬಗೆಯ ವಿಸ್ಕಿಗಳು ಒಂದರಂತೆ ಇನ್ನೊಂದು ಅನಿಸತೊಡಗಿದವು. 30 ಎಂಎಲ್‌ಗೆ ಈ ಮಿತಿ 7.5 ಎಂಎಲ್, ಅದೇ ಒಂದೂವರೆ ಚಮಚ. ನಿಮ್ಮ ವಿಸ್ಕಿ ಆಗ 46ರ ಆಸುಪಾಸಿಗೆ ಬರುತ್ತದೆ. ಎರಡು ಅಧ್ಯಯನಗಳೂ ನಿಮ್ಮ ಬಾಟಲಿಯನ್ನು ಹೆಚ್ಚುಕಮ್ಮಿ ಒಂದೇ ಕಡೆಗೆ ತಂದು ನಿಲ್ಲಿಸುತ್ತವೆ. ಹಾಗಾಗಿ ಅರ್ಧ ಚಮಚದಿಂದ ಶುರು ಮಾಡಿ. ಒಂದೆರಡು ನಿಮಿಷ ಬಿಡಿ, ಮೂಸಿ, ಒಂದು ಗುಟುಕು ಕುಡಿಯಿರಿ. ಮತ್ತೆ ಅರ್ಧ ಚಮಚ. ಒಂದೂವರೆ ಚಮಚದ ಹೊತ್ತಿಗೆ ನಿಮಗೆ ಹಿಡಿಸುವ ಜಾಗ ಸಿಕ್ಕಿರುತ್ತದೆ. ಹಾಕಿದ ನೀರನ್ನು ವಾಪಸ್ ತೆಗೆಯಲಾಗುವುದಿಲ್ಲ, ನೆನಪಿರಲಿ. 40 ಅಥವಾ 43ರ ಬಾಟಲಿಯಾದರೆ ಕೆಲವು ಹನಿಯಿಂದ ಅರ್ಧ ಚಮಚ ಸಾಕು. ಅದಕ್ಕೆ ಬೇಕಾದ ನೀರನ್ನು ತಯಾರಕರೇ ಹಾಕಿ ಆಗಿದೆ.

ಬ್ಲೆಂಡರ್‌ಗಳು, ಅಂದರೆ ಕಂಪನಿಗಳಲ್ಲಿ ಬೇರೆ ಬೇರೆ ವಿಸ್ಕಿಗಳನ್ನು ಬೆರೆಸುವವರು, ಮಾತ್ರ ಆಲ್ಕೋಹಾಲನ್ನು 20 ಪರ್ಸೆಂಟಿನ ಹತ್ತಿರಕ್ಕೆ ಇಳಿಸಿ ಮೂಸುತ್ತಾರೆ. ಅದನ್ನು ನೋಡಿ ಅಷ್ಟು ನೀರು ಹಾಕಬೇಡಿ. ಅವರು ಹುಡುಕುವುದು ದೋಷವನ್ನು. ಆಲ್ಕೋಹಾಲ್ ಮೂಗನ್ನು ಮರಗಟ್ಟಿಸದೆ ದಿನಕ್ಕೆ ಎಷ್ಟೋ ಸ್ಯಾಂಪಲ್ ಮೂಸಬೇಕು. ಕುಡಿಯುವ ಖುಷಿ ಅಲ್ಲಿನ ಉದ್ದೇಶ ಅಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನೀರು ಉರಿಯನ್ನು ಕಡಿಮೆ ಮಾಡುತ್ತದೆ, ಆಲ್ಕೋಹಾಲನ್ನಲ್ಲ. 58ರ 30 ಎಂಎಲ್‌ನಲ್ಲಿ 40ರ ವಿಸ್ಕಿಯ 43 ಎಂಎಲ್‌ನಷ್ಟೇ ಆಲ್ಕೋಹಾಲ್ ಇದೆ. ನೀರು ಹಾಕಿ ಮೆತ್ತಗಾದಾಗ ಅದು ಮರೆತುಹೋಗುತ್ತದೆ. ಪೆಗ್ ಸಣ್ಣದಾಗಿ ಅಳೆಯಿರಿ, ಅಳೆದೇ ಹಾಕಿ.

ಇನ್ನು ನಿಮ್ಮನ್ನು ಹೆದರಿಸಿದ ಆ ಮಸುಕು. ವಿಸ್ಕಿಯಲ್ಲಿ ಕೊಬ್ಬಿನ ಆಮ್ಲಗಳಿಂದ ಆದ ಎಸ್ಟರ್ ಅನ್ನುವ ವಸ್ತುಗಳಿರುತ್ತವೆ. ಇವು ಆಲ್ಕೋಹಾಲಿನಲ್ಲಿ ಕರಗುತ್ತವೆ, ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಸುಮಾರು 46 ಪರ್ಸೆಂಟಿನ ಕೆಳಗೆ ಇಳಿದರೆ, ಅದರಲ್ಲೂ ತಣ್ಣಗಿದ್ದರೆ, ಅವು ಬೇರೆಯಾಗಿ ಸಣ್ಣ ಸಣ್ಣ ಕಣವಾಗಿ ತೇಲುತ್ತವೆ. ಅದೇ ಮಸುಕು. ಅನೇಕ ಕಂಪನಿಗಳು ವಿಸ್ಕಿಯನ್ನು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣ್ಣಗೆ ಮಾಡಿ ಸೋಸಿ ಇವನ್ನು ತೆಗೆದುಬಿಡುತ್ತವೆ. ಇದನ್ನು ಚಿಲ್ ಫಿಲ್ಟರಿಂಗ್ ಅನ್ನುತ್ತಾರೆ. ಹಾಗೆ ಸೋಸದ ಬಾಟಲಿಗಳನ್ನು 46ಕ್ಕೆ ಅಥವಾ ಅದಕ್ಕಿಂತ ಮೇಲೆ ಇಡುವುದು ಇದೇ ಕಾರಣಕ್ಕೆ. ನಿಮ್ಮದು ಸೋಸದ ವಿಸ್ಕಿ, ನೀವು ಪ್ರಾಯಶಃ ಎರಡು ಚಮಚ ದಾಟಿದ್ದೀರಿ ಅಥವಾ ಫ್ರಿಜ್ಜಿನ ನೀರು ಹಾಕಿದ್ದೀರಿ. ಆ ಎಸ್ಟರ್‌ಗಳು ಬಾಯಿಗೆ ಒಂದು ತುಂಬುತನ ಕೊಡುತ್ತವೆ ಅಂತ ನನಗೆ ಅನಿಸುತ್ತದೆ. ನಾನಾದರೆ ಮಸುಕು ಕಂಡರೆ ಸಂತೋಷಪಡುತ್ತೇನೆ.

ಅಂದಹಾಗೆ, ಫ್ರಿಜ್ಜಿನ ನೀರು ಬೇಡ. ಕೋಣೆಯಷ್ಟೇ ಬೆಚ್ಚಗಿನ ನೀರು ಹಾಕಿ. ತಣ್ಣಗಾದಷ್ಟೂ ಪರಿಮಳ ಏಳುವುದು ಕಡಿಮೆ. ಐಸ್ ಹಾಕಿದರೆ ಚಳಿಯ ಜೊತೆ ನೀರೂ ಬರುತ್ತದೆ. 25 ಗ್ರಾಂನ ಒಂದು ತುಂಡು ಕರಗಿದರೆ 25 ಎಂಎಲ್ ನೀರು. ಆ ಐಸ್ ಯಾವ ನೀರಿನದ್ದು ಅನ್ನುವುದೂ ಆಗ ಲೆಕ್ಕಕ್ಕೆ ಬರುತ್ತದೆ. ಫ್ರೀಜರಿನಲ್ಲಿ ಮುಚ್ಚದೆ ಇಟ್ಟ ಐಸ್ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಂಡಿರುತ್ತದೆ. ಐಸ್ ಬೇಕೇ ಬೇಕು ಅಂದರೆ ಆರ್‌ಒ ನೀರಿನಿಂದ ಮಾಡಿ, ಮುಚ್ಚಿಡಿ, ದೊಡ್ಡ ತುಂಡು ಹಾಕಿ. ಸೋಡಾ ಬೆರೆಸುವುದು ಬೇರೆಯೇ ಪಾನೀಯ. ಅದಕ್ಕೆ 40ರ ಬ್ಲೆಂಡೆಡ್ ವಿಸ್ಕಿ ಚೆನ್ನಾಗಿರುತ್ತದೆ, ಈ ಬಾಟಲಿಯನ್ನು ಅದಕ್ಕೆ ಖರ್ಚು ಮಾಡಬೇಡಿ.

ಇಷ್ಟಾದ ಮೇಲೂ ಅನುಮಾನ ಇದ್ದರೆ ನಿಮ್ಮ ಮೂಗನ್ನೇ ಕೇಳಿ. ಒಂದೇ ಥರದ ಮೂರು ಲೋಟ ತೆಗೆದುಕೊಳ್ಳಿ. ಮೂರಕ್ಕೂ 10 ಎಂಎಲ್ ವಿಸ್ಕಿ. ಎರಡಕ್ಕೆ ಅರ್ಧ ಅರ್ಧ ಚಮಚ ಆರ್‌ಒ ನೀರು, ಒಂದಕ್ಕೆ ಅಷ್ಟೇ ಬೇರೆ ನೀರು. ಲೋಟದ ತಳಕ್ಕೆ ಗುರುತು ಹಾಕಿ, ಬೇರೆಯವರಿಗೆ ಜಾಗ ಬದಲಿಸಲು ಹೇಳಿ, ಬೇರೆಯಾದ ಒಂದು ಯಾವುದು ಅಂತ ಹುಡುಕಿ. ಒಂದು ಸಲ ಸಿಕ್ಕರೆ ಅದೃಷ್ಟ ಇರಬಹುದು, ಬೇರೆ ಬೇರೆ ದಿನ ಮತ್ತೆ ಮಾಡಿ. ಪ್ರತಿ ಸಲವೂ ಸಿಕ್ಕರೆ ನಿಮಗೆ ಹಿಡಿಸಿದ ನೀರನ್ನೇ ಬಳಸಿ, ಅದು 400 ಟಿಡಿಎಸ್‌ನದ್ದಾದರೂ ಪರವಾಗಿಲ್ಲ. ಸಿಗದಿದ್ದರೆ ಹೂಜಿಯಲ್ಲಿ ಇರುವ ಆರ್‌ಒ ನೀರು, ಒಂದು ಟೀ ಚಮಚ, ಇಷ್ಟು ಪಕ್ಕದಲ್ಲಿ ಇಟ್ಟುಕೊಂಡು ಕೂತರೆ ಸಾಕು.